ಬಸವನಗುಡಿಯ ಹಳೇ ಮನೆಯಲ್ಲಿ ಗಾಥಿಕ್ ಕಾವ್ಯ–ಕ್ಯಾಬರೆ: ಕತ್ತಲು, ದನಿ, ಪಠ್ಯ, ಪರವಾನಗಿ

ಮಂಕಿಟಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನ ಒಂದು ಶನಿವಾರ ಸಂಜೆ ಕನ್ನಡದಲ್ಲೇ ಒಂದು ಗಾಥಿಕ್, ಅಂದರೆ ಸಾವು, ಪ್ರೇತ, ಭಯದ ಛಾಯೆಯ, ಕಾವ್ಯ–ಕ್ಯಾಬರೆ ಮಾಡಲು ನಮ್ಮ ತಂಡ ತಯಾರಾಗುತ್ತಿದೆ. ಶಾಲು–ಹಾರದ ಕವಿಗೋಷ್ಠಿ ಅಲ್ಲ. ಗೇಟು ದಾಟಿದ ಗಳಿಗೆಯಿಂದಲೇ ಪ್ರೇಕ್ಷಕರು ಆ ಲೋಕದ ಒಳಗಿರಬೇಕು. ಪಕ್ಕದ ಮೇಜಿನಿಂದಲೇ ಒಬ್ಬರು ಎದ್ದು ಪದ್ಯ ಶುರುಮಾಡಬೇಕು. ನಡುವೆ ಹಾಡು, ನೆರಳಾಟ, ಮೂಕಾಭಿನಯ ಬಂದು ಹೋಗಬೇಕು, ಎಲ್ಲವನ್ನೂ ಪೋಣಿಸಲು ಒಬ್ಬ ಸೂತ್ರಧಾರ ಇರಬೇಕು.

ಜಾಗ: ಬಸವನಗುಡಿ ಕಡೆಯ ಹಳೇ ಮನೆ. ಮಂಕಿಟಾಪ್ ಕಿಟಕಿ (ಮೇಲೆ ಮರದ ಚೂಪು ಮಾಡು ಇರುವಂಥದ್ದು), ರೆಡ್ ಆಕ್ಸೈಡ್ ನೆಲ, ಮರದ ತೊಲೆಗಳ ಮದ್ರಾಸ್ ತಾರಸಿ. ಜಗುಲಿ, ಒಳಗೊಂದು ಓಣಿ, 20×30 ಅಡಿಯ ನಡುಮನೆ (ಎತ್ತರ 12 ಅಡಿ), ಎರಡು ಕೋಣೆ, ಹಿಂದೆ ತೆರೆದ ಅಂಗಳ. 70 ಜನ ಬರಬಹುದು ಅಂತ ಅಂದಾಜು. ಒಟ್ಟು 100 ನಿಮಿಷ.

ಎಷ್ಟು ಕತ್ತಲು ಇರಬೇಕು? ಮೈಕು ಬೇಕಾ? ಕನ್ನಡದಲ್ಲಿ ಯಾವ ಪಠ್ಯ ಹೊಂದುತ್ತದೆ (ಕೇಳಿದವರೆಲ್ಲ ಇಂಗ್ಲಿಷ್ ಪದ್ಯಗಳ ಅನುವಾದವನ್ನೇ ಹೇಳುತ್ತಾರೆ)? ಹೊಗೆ, ದೆವ್ವದ ಪ್ರತಿಬಿಂಬ ಇಂಥವು ಕಡಿಮೆ ಖರ್ಚಿನಲ್ಲಿ ಆಗುತ್ತವಾ? ಪೋಸ್ಟರ್ ಮೇಲೆ ‘ಕ್ಯಾಬರೆ’ ಅಂತ ಹಾಕಿದರೆ ಪೊಲೀಸರಿಂದ ತೊಂದರೆ ಬರುತ್ತದಾ? ಇಂಥ ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಅರೆಬೆಳಕು ಬರೆದದ್ದು:

ಬೆಳಕಿಗಿಂತ ಮುಂಚೆ ಜಾಗದ ಲೆಕ್ಕ ನೋಡಿ ಸರ್. ನಿಮ್ಮ ನಡುಮನೆ 600 ಚದರಡಿ. ಆಡುವ ಜಾಗ, ಓಡಾಡುವ ದಾರಿ ಅಂತ 100–120 ತೆಗೆದರೆ 480 ಉಳಿಯಿತು. ಸಣ್ಣ ಮೇಜು ಹಾಕಿ ಕೂರಿಸಿದರೆ ತಲೆಗೆ 12 ಚದರಡಿಯಾದರೂ ಬೇಕು. ಅಲ್ಲಿಗೆ 40 ಜನ, ಅಷ್ಟೇ. 70 ಜನರನ್ನು ತುರುಕಿದರೆ ನಟರು ಮೇಜುಗಳ ನಡುವೆ ನುಸುಳಲಾಗದೆ ಒಂದು ಮೂಲೆಗೆ ಸೇರುತ್ತಾರೆ, ನಿಮ್ಮ ಕಾರ್ಯಕ್ರಮ ಮತ್ತೆ ವೇದಿಕೆ–ಪ್ರೇಕ್ಷಕ ಅಂತ ಎರಡು ಹೋಳಾಗುತ್ತದೆ. 35–35ರ ಎರಡು ಗುಂಪು ಮಾಡಿ. ಒಂದು ಗುಂಪು ನಡುಮನೆಯಲ್ಲಿದ್ದಾಗ ಇನ್ನೊಂದು ಅಂಗಳ ಮತ್ತು ಕೋಣೆಗಳಲ್ಲಿ ಇರಲಿ, 45 ನಿಮಿಷಕ್ಕೆ ಅದಲುಬದಲಾಗಲಿ. ಕಲಾವಿದರು ಅದನ್ನೇ ಎರಡು ಸಲ ಆಡಬೇಕಾಗುತ್ತದೆ, ಅದಕ್ಕೆ ಅವರನ್ನು ಮೊದಲೇ ಒಪ್ಪಿಸಿಕೊಳ್ಳಿ.

ಇನ್ನು ಕತ್ತಲು. ಬೆಳಕಿನಿಂದ ಬಂದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಬೀದಿದೀಪದ ಕೆಳಗಿಂದ ನೇರ ಕತ್ತಲ ಕೋಣೆಗೆ ನುಗ್ಗಿಸಿದರೆ ಮೊದಲ ಪದ್ಯದ ಹೊತ್ತಿಗೆ ಜನ ತಡಕಾಡುತ್ತಿರುತ್ತಾರೆ, ಕೆಲವರು ಫೋನಿನ ಟಾರ್ಚ್ ಹಾಕಿಯೇಬಿಡುತ್ತಾರೆ. ಒಂದು ಟಾರ್ಚ್ ಸಾಕು, ಸುತ್ತಲಿನ ಹತ್ತು ಜನರ ಕಣ್ಣು ಮತ್ತೆ ಮೊದಲಿನಿಂದ ಶುರು. ಹಾಗಾಗಿ ಬೆಳಕನ್ನು ಹಂತಹಂತವಾಗಿ ಇಳಿಸಿ. ಗೇಟಿನಲ್ಲಿ ಮಾಮೂಲಿ ದೀಪ. ಜಗುಲಿಯಲ್ಲಿ 2200 ಕೆಲ್ವಿನ್‌ನ, ಅಂದರೆ ಬೆಂಕಿಯ ಬಣ್ಣಕ್ಕೆ ಹತ್ತಿರದ, 4–5 ವಾಟಿನ ಫಿಲಮೆಂಟ್ ಎಲ್‌ಇಡಿ ಬಲ್ಬು ನಾಲ್ಕು. ಒಳಗಿನ ಓಣಿಯಲ್ಲಿ ಒಂದೇ ಒಂದು. ಜಗುಲಿಯಲ್ಲಿ ಟಿಕೆಟ್ ನೋಡಿ, ಫೋನನ್ನು ಬಟ್ಟೆ ಚೀಲಕ್ಕೆ ಹಾಕಿಸಿ, ಒಂದು ಲೋಟ ಕಷಾಯ ಕೊಟ್ಟು ಹತ್ತು ನಿಮಿಷ ನಿಲ್ಲಿಸಿ. ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯಿತು: 6 ಗಂಟೆ ಸುಮಾರಿಗೆ ಸೂರ್ಯ ಮುಳುಗಿ ಆರೂವರೆಗೆ ಕತ್ತಲು ಕವಿದಿರುತ್ತದೆ. ಜೂನ್–ಜುಲೈನಲ್ಲಾದರೆ ಮುಕ್ಕಾಲು ಗಂಟೆ ಹೆಚ್ಚು ಕಾಯಬೇಕಿತ್ತು.

ಓದುವವರ ಮುಖಕ್ಕೆ ಒಂದೇ ದೀಪ, ಪಕ್ಕದಿಂದ 45 ಡಿಗ್ರಿಯಲ್ಲಿ, ತಲೆಗಿಂತ ಸ್ವಲ್ಪ ಮೇಲಿನಿಂದ. ಗದ್ದದ ಕೆಳಗಿಂದ ಬೆಳಕು ಬಿಟ್ಟು ಹೆದರಿಸುವ ಉಪಾಯ ಇಡೀ ಸಂಜೆಗೆ ಒಂದು ಸಲ ಸಾಕು. ತುಟಿ ನೆರಳಿನಲ್ಲಿ ಹೋಗಬಾರದು. ನಾವು ಮಾತನ್ನು ಅರ್ಧ ಕಣ್ಣಿನಿಂದಲೂ ಕೇಳುತ್ತೇವೆ, ಹಳಗನ್ನಡದಲ್ಲಂತೂ ಇನ್ನೂ ಹೆಚ್ಚು.

ಎಲ್ಲರೂ ಮರೆಯುವುದು ಕಾಗದವನ್ನು. ಬಿಳಿ ನುಣುಪು ಕಾಗದ ಬೇಡ, ಅದು ಬೆಳಕನ್ನು ಮುಖಕ್ಕೆ ಎಸೆಯುತ್ತದೆ. ಮಾಸಲು ಹಳದಿ ಕಾಗದ, 20 ಪಾಯಿಂಟ್ ಅಕ್ಷರ, ಸಾಲಿನ ನಡುವೆ ಎರಡರಷ್ಟು ಜಾಗ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂತಿರುತ್ತದೆ. ಅರೆಗತ್ತಲಲ್ಲಿ ಮೊದಲು ಕಾಣದಾಗುವುದು ಅದೇ. ‘ಭಕ್ತ’ ಯಾವುದು ‘ಭಕ್ಷ’ ಯಾವುದು ಎಂದು ಓದುವವರು ಒಂದು ಕ್ಷಣ ತಡೆಯುತ್ತಾರೆ, ಲಯ ಅಲ್ಲೇ ಕಡಿಯುತ್ತದೆ. ಕಾಗದದ ಮೇಲೆ 2–3 ವಾಟಿನ ಕ್ಲಿಪ್ ಲ್ಯಾಂಪ್, ಅದಕ್ಕೆ ಅಂಬರ್ (ಜೇನು ಬಣ್ಣದ) ಜಿಲೆಟಿನ್ ಹಾಳೆ, ಮುಂದೆ ಕಪ್ಪು ಟೇಪಿನ ಮರೆ. ಫೋನಿನಿಂದ ಓದಲು ಯಾರಿಗೂ ಬಿಡಬೇಡಿ. ನೀಲಿ ಬೆಳಕು ಮುಖಕ್ಕೆ ಹೊಡೆದರೆ ನೀವು ಕಟ್ಟಿದ್ದೆಲ್ಲ ಒಡೆಯುತ್ತದೆ.

ಮೇಕಪ್ ಮಾಡುವವರಿಗೂ ಹೇಳಿ: ಅಂಬರ್ ಬೆಳಕಿನಲ್ಲಿ ಕೆಂಪು ಲಿಪ್‌ಸ್ಟಿಕ್ ಮಾಯವಾಗಿ ತುಟಿ ಚರ್ಮದ ಬಣ್ಣಕ್ಕೇ ತಿರುಗುತ್ತದೆ. ಕಡು ನೇರಳೆ ಅಥವಾ ಕಪ್ಪು ಮಿಶ್ರಿತ ಮರೂನ್ ಹಚ್ಚಿದರೆ ಮಾತ್ರ ಕಪ್ಪಾಗಿ ಕಾಣುತ್ತದೆ. ಮುಖಕ್ಕೆ ಸುಣ್ಣದಂಥ ಬಿಳಿ ಬೇಡ, ಚರ್ಮಕ್ಕಿಂತ ಎರಡು ಛಾಯೆ ತಿಳಿ ಇದ್ದರೆ ಸಾಕು, ಕಣ್ಣಿನ ಗುಳಿಗೆ ಕಾಡಿಗೆ.

ಮದ್ರಾಸ್ ತಾರಸಿಯ ತೊಲೆಗಳಿಗೆ ದೀಪ, ಪರದೆ ಏನನ್ನೂ ನೇತುಹಾಕಬೇಡಿ. ಮೇಲಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಗೆದ್ದಲು ಹಿಡಿದಿದ್ದರೆ ಗೊತ್ತಾಗುವುದಿಲ್ಲ. ದೀಪ ನಿಲ್ಲಿಸುವ ಟಿ ಸ್ಟ್ಯಾಂಡ್ ಬಾಡಿಗೆಗೆ ತನ್ನಿ, ಕಾಲಿನ ಮೇಲೆ ಮರಳಿನ ಚೀಲ ಇಡಿ. ಸೀಲಿಂಗ್ ಫ್ಯಾನಿಗಿಂತ ಮೇಲೆ ದೀಪ ಇಡಬೇಡಿ, ರೆಕ್ಕೆಯ ನೆರಳು ಕೋಣೆಯೆಲ್ಲ ಮಿಣುಕುತ್ತದೆ. ಹಳೇ ಮನೆಯ ವೈರಿಂಗ್ ನೋಡಿಕೊಳ್ಳಿ: 1000 ವಾಟಿನ ಒಂದು ಪಾರ್ ಕ್ಯಾನ್ (ವೇದಿಕೆಯ ದೀಪ) 4.3 ಆಂಪಿಯರ್ ಎಳೆಯುತ್ತದೆ, ಹೊಗೆ ಯಂತ್ರದ ಹೀಟರ್ ಇನ್ನೊಂದು ನಾಲ್ಕೈದು. ಎರಡೂ ಒಂದೇ ಲೈನಿನಲ್ಲಿದ್ದರೆ ಪದ್ಯದ ಮಧ್ಯೆ ಎಂಸಿಬಿ ಬೀಳುತ್ತದೆ. ಎಲ್‌ಇಡಿ ಪಾರ್ ತಂದರೆ 100–150 ವಾಟಿನಲ್ಲಿ ಮುಗಿಯುತ್ತದೆ. ಎಸ್‌ಪಿ ರೋಡಿನಲ್ಲಿ ಡಿಮ್ಮರ್ ಕೊಳ್ಳುವಾಗ ನಿಮ್ಮ ಬಲ್ಬುಗಳನ್ನೇ ಹಾಕಿಸಿ ನೋಡಿ. ಎಲ್ಲ ಎಲ್‌ಇಡಿಯೂ ಡಿಮ್ ಆಗುವುದಿಲ್ಲ, ಕೆಲವು ಶೇ 20ರ ಕೆಳಗೆ ಹೋದರೆ ಮಿಟುಕಲು ಶುರುಮಾಡುತ್ತವೆ.

ಕಂದಪದ್ಯ ಬರೆದದ್ದು:

ಅನುವಾದವನ್ನು ಆಮೇಲೆ ನೋಡೋಣ. ಸುಡುಗಾಡು, ಮರುಳು (ಪಿಶಾಚಿ), ಬಲಿಪೀಠ, ಸತ್ತ ಮೇಲೂ ಬೆನ್ನು ಬಿಡದ ಪಾಪ ಇವೆಲ್ಲ ಕನ್ನಡ ಕಾವ್ಯದಲ್ಲೇ ಬೇಕಾದಷ್ಟಿವೆ. ಜನ್ನನ ಯಶೋಧರ ಚರಿತೆ (1209) ತೆಗೆದುಕೊಳ್ಳಿ. ಚಂಡಮಾರಿಯ ಗುಡಿ, ಬಲಿಗೆ ತಂದು ನಿಲ್ಲಿಸಿದ ಇಬ್ಬರು ಎಳೆಯರು, ನಡುರಾತ್ರಿ ಕೇಳಿದ ಹಾಡಿಗೆ ಸೋತು ವಿಕಾರ ರೂಪಿನ ಮಾವುತನನ್ನು ಹುಡುಕಿ ಹೋಗುವ ರಾಣಿ ಅಮೃತಮತಿ, ಕಡಿದಾಗ ಕೂಗುವ ಹಿಟ್ಟಿನ ಕೋಳಿ. ಐರೋಪ್ಯ ಗಾಥಿಕ್‌ನ ಮೊದಲ ಕಾದಂಬರಿ ಅನ್ನಿಸಿಕೊಂಡದ್ದು ಬಂದದ್ದು 1764ರಲ್ಲಿ. ಅದಕ್ಕೂ ಐನೂರೈವತ್ತು ವರ್ಷ ಹಿಂದೆ ನಮ್ಮವರು ಇದನ್ನು ಬರೆದಿಟ್ಟಿದ್ದಾರೆ ಅನ್ನುವುದು ನಿಮ್ಮ ಪ್ರೇಕ್ಷಕರಿಗೆ ತಲುಪಲೇಬೇಕು.

ಇನ್ನೊಂದು ರನ್ನನ ಗದಾಯುದ್ಧ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುವ ಭಾಗ. ಕಾಲಿಗೆ ಸಿಗುವುದೆಲ್ಲ ತನ್ನವರ ದೇಹ. ಮರುಳುಗಳು ಅವನನ್ನೇ ಹಂಗಿಸುತ್ತವೆ. ಇದನ್ನು ವೇದಿಕೆಯ ಮೇಲೆ ನಿಂತು ಓದಬೇಡಿ. ನಿಮ್ಮ ಓಣಿಯಲ್ಲಿ ಮಾಡಿ: ಪ್ರೇಕ್ಷಕರು ಎರಡೂ ಕಡೆ ಗೋಡೆಗೆ ಆನಿಕೊಂಡಿರಲಿ, ದುರ್ಯೋಧನ ನಡುವೆ ನಡೆಯಲಿ, ಮರುಳಿನ ಮಾತು ಪ್ರೇಕ್ಷಕರ ಬೆನ್ನ ಹಿಂದಿನ ಕೋಣೆಯಿಂದ ಬರಲಿ. ಹಾಕಿರುವ ಸೆಟ್ಟಿಗಿಂತ ಆ ದನಿ ಬಂದ ದಿಕ್ಕೇ ಹೆಚ್ಚು ಕೆಲಸ ಮಾಡುತ್ತದೆ.

ಹಳಗನ್ನಡ ಅರ್ಥವಾಗುವುದಿಲ್ಲ ಅನ್ನುವ ಭಯಕ್ಕೆ ಉತ್ತರವಾಗಿ ಗಮಕ ಪರಂಪರೆಯೇ ಇದೆ. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ನಿಮ್ಮ ಸೂತ್ರಧಾರನೇ ವ್ಯಾಖ್ಯಾನಕಾರ ಆಗಲಿ. ಕ್ಯಾಬರೆಯಲ್ಲಿ ಎರಡು ಅಂಕಗಳ ನಡುವೆ ಬಂದು ಜನರನ್ನು ಕೆಣಕಿ ಮಾತಾಡಿಸುವವನು ಮಾಡುವ ಕೆಲಸವೂ ಅದೇ. ಕಂದ ಅನ್ನುವ ನಾಲ್ಕು ಸಾಲಿನ ಪದ್ಯದ ಲೆಕ್ಕ 12, 20, 12, 20 ಮಾತ್ರೆ, ಒಟ್ಟು 64. ಬರೀ ಓದಿದರೆ ಅರ್ಧ ನಿಮಿಷದ ಒಳಗೆ ಮುಗಿಯುತ್ತದೆ. ರಾಗದಲ್ಲಿ, ಸಾಲು ಮರುಕಳಿಸಿ, ವ್ಯಾಖ್ಯಾನ ಸೇರಿಸಿದರೆ ಒಂದೂವರೆ ನಿಮಿಷ. ಅಂದರೆ 8 ನಿಮಿಷದ ಅಂಕಕ್ಕೆ ಐದು ಕಂದ ಸಾಕು. ಹತ್ತು ಆರಿಸಿಕೊಂಡರೆ ವ್ಯಾಖ್ಯಾನ ಓಡುತ್ತದೆ, ಜನ ಕೈಬಿಡುತ್ತಾರೆ. ವ್ಯಾಖ್ಯಾನ ಪದ್ಯಕ್ಕಿಂತ ಮುಂಚೆ ಬರಲಿ, ನಾಲ್ಕು ಸಾಲಿನ ಆಡುಮಾತಿನಲ್ಲಿ. ಕಥೆ ಗೊತ್ತಿದ್ದರೆ ಕಿವಿ ನಾದಕ್ಕೆ ತೆರೆದುಕೊಳ್ಳುತ್ತದೆ. ಶುಭಪಂತುವರಾಳಿ, ಮುಖಾರಿ ಹೊಂದುತ್ತವೆ. ಆದರೆ ಗಮಕಿಗಳಿಗೆ ಆಲಾಪನೆ ಬೆಳೆಸಬೇಡಿ ಅಂತ ವಿನಂತಿಸಿಕೊಳ್ಳಿ, ಅದು ಕಛೇರಿ ಆಗಬಾರದು.

ಅನುವಾದ ಬೇಕೇ ಬೇಕು ಅಂದರೆ ಬಿಎಂಶ್ರೀಯವರ ‘ದುಃಖಸೇತು’ ಇದೆ, ನೀರಿಗೆ ಬಿದ್ದು ಸತ್ತ ಹೆಣ್ಣಿನ ಮೇಲೆ ಥಾಮಸ್ ಹುಡ್ ಬರೆದ ಪದ್ಯದ ಕನ್ನಡ ರೂಪ. ಹಕ್ಕಿನ ತೊಡಕೂ ಇಲ್ಲ. ನಮ್ಮಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, 2006ರ ಕೊನೆಗೆ ಅವಧಿ ಮುಗಿಯಿತು. ಬೇಂದ್ರೆ (1981) 2041ರ ಕೊನೆಯವರೆಗೆ, ಕುವೆಂಪು (1994) 2054ರ ಕೊನೆಯವರೆಗೆ ಹಕ್ಕಿನಲ್ಲಿದ್ದಾರೆ. ಪ್ರಕಟವಾದ ಕೃತಿಯ ಒಂದಿಷ್ಟು ಭಾಗವನ್ನು ಸಭೆಯಲ್ಲಿ ಓದಲು ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಇಡೀ ಕವಿತೆ, ಅದಕ್ಕೆ ಸಂಗೀತ, ಮೇಲೆ ಟಿಕೆಟ್ ಅಂದಾಗ ಹಕ್ಕುದಾರರಿಗೆ ಕಾಗದ ಬರೆದು ಒಪ್ಪಿಗೆ ತರಿಸಿಕೊಳ್ಳಿ. ಎಡ್ಗರ್ ಆಲನ್ ಪೋ 1849ರಲ್ಲೇ ತೀರಿಕೊಂಡವರು, ಮೂಲ ಯಾರ ಸ್ವತ್ತೂ ಅಲ್ಲ. ಆದರೆ ಅದರ ಕನ್ನಡ ಅನುವಾದ ಅನುವಾದಕರದು. ಅಲ್ಲಿ ಬಹಳ ಜನ ಎಡವುತ್ತಾರೆ.

ಒಂದು ಬೇಡಿಕೆ. ಭೂತಕೋಲದ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ, ದರ್ಶನದ ಕೂಗು ಯಾವುದನ್ನೂ ಇದಕ್ಕೆ ತರಬೇಡಿ. ಅದು ನಂಬಿದವರ ಆರಾಧನೆ, ಹೆದರಿಸುವ ಸಾಮಗ್ರಿಯಲ್ಲ. ಹಾಗೆಯೇ ಚಟ್ಟ, ಮಡಕೆ, ಬಾಯಿಗೆ ಅಕ್ಕಿ ಇಂಥವೂ ಬೇಡ. 1892ರಲ್ಲಿ ಪ್ಯಾರಿಸ್‌ನ ಕ್ಯಾಬರೆ ದ್ಯು ನೆಯಾಂನಲ್ಲಿ ಶವಪೆಟ್ಟಿಗೆಗಳನ್ನೇ ಮೇಜು ಮಾಡಿದ್ದರು, ಅಲ್ಲಿಯವರಿಗೆ ಅದು ನಡೆಯಿತು. ನಿಮ್ಮ 70 ಜನರಲ್ಲಿ ಹೋದ ತಿಂಗಳಷ್ಟೇ ಅಪ್ಪನ ಕಾರ್ಯ ಮುಗಿಸಿ ಬಂದವರು ಇರಬಹುದು.

ದನಿಪೆಟ್ಟಿಗೆ ಬರೆದದ್ದು:

40 ಜನಕ್ಕೆ ಆ ಕೋಣೆಯಲ್ಲಿ ಮೈಕು ಬೇಡ. ನಿಮ್ಮ ತೊಂದರೆ ಬೇರೆ: ಪ್ರತಿಧ್ವನಿ. ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲ, 12 ಅಡಿ ಎತ್ತರ, ದನಿಯನ್ನು ಹೀರುವಂಥದ್ದು ಏನೂ ಇಲ್ಲ. ನಿಮ್ಮ ಅಳತೆ ಹಾಕಿ ಲೆಕ್ಕ ಮಾಡಿದರೆ ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ಅಡಗಲು 4 ಸೆಕೆಂಡಿಗೂ ಮೇಲೆ ಬರುತ್ತದೆ. 40 ಜನ ಕೂತರೆ ಒಂದೂವರೆಗೆ ಇಳಿಯುತ್ತದೆ. ಇನ್ನು 300 ಚದರಡಿ ದಪ್ಪ ಮಖಮಲ್ ಪರದೆಯನ್ನು ನಿರಿಗೆ ಬಿಟ್ಟು, ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ನಿಲ್ಲಿಸಿದರೆ ಒಂದು ಸೆಕೆಂಡಿನ ಹತ್ತಿರ ಬರುತ್ತದೆ. ಮಾತಿಗೆ ಅದೇ ಬೇಕಾದ್ದು. ಚಪ್ಪಟೆಯಾಗಿ ಎಳೆದು ಕಟ್ಟಿದ ತೆಳು ಸ್ಯಾಟಿನ್ ಬಟ್ಟೆ ನೋಡಲು ಚೆನ್ನ, ದನಿಗೆ ಏನೂ ಮಾಡುವುದಿಲ್ಲ. ಶಾಮಿಯಾನದವರ ಹತ್ತಿರ ಜಮಖಾನ ಕೇಳಿ, ನೆಲಕ್ಕೆ ಹಾಸಿ. ಕುರ್ಚಿ ಎಳೆದ ಸದ್ದೂ ನಿಲ್ಲುತ್ತದೆ.

ಇದರಿಂದ ಇನ್ನೊಂದು ಮಾತು ಬರುತ್ತದೆ. ಖಾಲಿ ಕೋಣೆಯಲ್ಲಿ ತಾಲೀಮು ಮಾಡಿದವರು ಪ್ರತಿಧ್ವನಿಗೆ ಹೆದರಿ ತೀರಾ ನಿಧಾನ ಮಾಡಿಕೊಳ್ಳುತ್ತಾರೆ, ಜನ ತುಂಬಿದ ದಿನ ಅದೇ ಗತಿ ಎಳೆದಂತೆ ಕೇಳುತ್ತದೆ. ಕೊನೆಯ ತಾಲೀಮಿಗೆ ಪರದೆ, ಜಮಖಾನ ಹಾಕಿ, ಹತ್ತು ಹದಿನೈದು ಜನರನ್ನಾದರೂ ಕೂರಿಸಿ.

ಓದುವವರಿಗೆ ಹೇಳಬೇಕಾದ್ದು: ಸಾಲಿನ ಕೊನೆಯಲ್ಲಿ ದನಿ ಬೀಳಿಸಬೇಡಿ. ಗಾಥಿಕ್ ಅಂದ ಕೂಡಲೇ ಎಲ್ಲರೂ ಸಾಲಿನ ಕೊನೆಗೆ ಉಸಿರು ಬಿಟ್ಟು ಪಿಸುಗುಡುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ‘ಬಂದಳು’ ಅಂದರೋ ‘ಬಾರಳು’ ಅಂದರೋ ಗೊತ್ತಾಗದಿದ್ದರೆ ಇಡೀ ಸಾಲು ಹೋಯಿತು. ಪಿಸುಮಾತು ಬೇಕಾದ ಕಡೆ ಮಾತ್ರ ಒಂದು ಮೈಕು ಇಡಿ. ಶೂರ್ ಎಸ್‌ಎಂ 58 ಥರದ ಡೈನಾಮಿಕ್ ಸಾಕು, ಬಾಯಿಂದ 5 ಸೆಂಟಿಮೀಟರ್ ದೂರ, ನೇರ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ ಪ, ಬ ಅಂದಾಗ ಗಾಳಿ ಬಡಿಯುತ್ತದೆ. ಹತ್ತಿರ ಬಂದಾಗ ತಗ್ಗು ಸ್ವರ ಉಬ್ಬುತ್ತದೆ, ಮಿಕ್ಸರ್‌ನಲ್ಲಿ 100 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ. ಸ್ಪೀಕರನ್ನು ಪ್ರೇಕ್ಷಕರ ಹಿಂದೆ ಇಟ್ಟರೆ ಪಿಸುಮಾತು ಕುತ್ತಿಗೆಯ ಹಿಂದಿನಿಂದ ಬಂದಂತಿರುತ್ತದೆ. ಆದರೆ ಮೈಕು ಆ ಸ್ಪೀಕರ್ ಕಡೆ ಮುಖ ಮಾಡಿದರೆ ಸಿಳ್ಳೆ ಗ್ಯಾರಂಟಿ. ಸ್ಪೀಕರಿನ ಎತ್ತರ, ಕೋನ ತಿರುಗಿಸಿ ಮೊದಲೇ ಹೊಂದಿಸಿ.

ವಾದ್ಯಕ್ಕೆ ಕಂಪನಿ ನಾಟಕದ, ಕಾಲಿನಿಂದ ಗಾಳಿ ಒತ್ತುವ ಲೆಗ್ ಹಾರ್ಮೋನಿಯಂ ಸಿಕ್ಕರೆ ಬೇರೇನೂ ಬೇಡ. ಎರಡೂ ಕೈ ಸಿಗುತ್ತದೆ, ಎಡಗೈಯಲ್ಲಿ ಮಂದ್ರದ ಒಂದೇ ಸ್ವರ ಹಿಡಿದು ಬಲಗೈಯಲ್ಲಿ ಪದ್ಯದ ಸಾಲಿಗೆ ಉತ್ತರ ಕೊಡಬಹುದು. ಗಾಳಿ ತಿದಿ ಸೋರುತ್ತಿದ್ದರೆ ಮಾತಿನ ನಡುವೆ ಉಸಿರಾಟದಂಥ ಸದ್ದು ಬರುತ್ತದೆ, ಬೇಕಾದರೆ ಉಳಿಸಿಕೊಳ್ಳಿ. ಪಿಟೀಲಿನ ಮಂದ್ರ ತಂತಿ, ಒಂಟಿ ತಂತಿಯ ಜನಪದ ವಾದ್ಯ ಚೌಡಿಕೆ ಚೆನ್ನ. ಚಂಡೆ, ಡೊಳ್ಳು ಆ ಕೋಣೆಯೊಳಗೆ ಬೇಡ. ಅಂಗಳದಲ್ಲಿ ಒಂದೇ ಒಂದು ಪೆಟ್ಟು ಬಾರಿಸಿದರೆ ಒಳಗಿದ್ದವರೆಲ್ಲ ತಿರುಗಿ ನೋಡುತ್ತಾರೆ.

ಸ್ಟೀಲ್ ಲೋಟ ಕೊಡಬೇಡಿ. ಮೇಜಿಗೆ ತಗುಲಿದ ಒಂದು ‘ಟಣ್’ ಅತ್ಯುತ್ತಮ ಸಾಲನ್ನು ನುಂಗುತ್ತದೆ. ಮಣ್ಣಿನ ಕುಡಿಕೆ ಅಥವಾ ಕಾಗದದ ಕಪ್ಪು. ಪದ್ಯ ನಡೆಯುವಾಗ ಬಡಿಸುವುದನ್ನು ಪೂರ್ತಿ ನಿಲ್ಲಿಸಿ.

ಮಂಕಿಟಾಪ್:

ತುಂಬಾ ಉಪಕಾರವಾಯಿತು. ಎರಡು ಗುಂಪಿನ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇವೆ, ಜನ್ನನ ಅಂಕ ನಡುಮನೆಗೆ, ರನ್ನ ಓಣಿಗೆ. ಹೊಗೆಗೆ ಡ್ರೈ ಐಸ್ 5 ಕೆಜಿ ತರಿಸೋಣ ಅಂತ ತಂಡದ ಒಬ್ಬರು ಹೇಳುತ್ತಿದ್ದಾರೆ, ನೆಲದ ಮೇಲೆ ಮಂಜು ಹರಿದಂತೆ ಕಾಣಬೇಕು ಅಂತ. ದೊಂದಿ ಹಿಡಿದು ರಾಳದ ಪುಡಿ ಎಸೆಯುವ ಯೋಚನೆಯೂ ಇದೆ. ಅಮೃತಮತಿ ಪ್ರೇತದಂತೆ ತೇಲಿ ಕಾಣಬೇಕು.

ಪರದೆಹಿಂದೆ ಬರೆದದ್ದು:

ಡ್ರೈ ಐಸ್ ವಿಚಾರದಲ್ಲಿ ದಯವಿಟ್ಟು ನಿಲ್ಲಿ. 1 ಕೆಜಿ ಡ್ರೈ ಐಸ್ ಕರಗಿದರೆ ಸುಮಾರು 550 ಲೀಟರ್ ಇಂಗಾಲದ ಡೈಆಕ್ಸೈಡ್. ನಿಮ್ಮ ನಡುಮನೆಯ ಗಾತ್ರ 204 ಘನ ಮೀಟರ್. 5 ಕೆಜಿ ಹಾಕಿದರೆ ಗಾಳಿಯಲ್ಲಿ ಶೇ 1.3 ಆಯಿತು. ಹೊರಗಿನ ಗಾಳಿಯಲ್ಲಿ ಇರುವುದು ಶೇ 0.04. ಇಡೀ ದಿನ ಕೆಲಸ ಮಾಡುವ ಜಾಗಕ್ಕೆ ಒಪ್ಪಿದ ಮಿತಿ ಶೇ 0.5. ಅದೂ ಸಮನಾಗಿ ಹರಡಿದರೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಕಿಟಕಿ ಮುಚ್ಚಿ, ಪರದೆ ಎಳೆದು, ಜಮಖಾನದ ಮೇಲೆ ಜನರನ್ನು ಕೂರಿಸಿದರೆ ಅವರ ಮೂಗಿನ ಮಟ್ಟದಲ್ಲಿ ಇನ್ನೂ ಹೆಚ್ಚು. ತಲೆನೋವು, ಎದೆ ಬಿಗಿತದಿಂದ ಶುರುವಾಗುತ್ತದೆ. ಮಗು ಜೊತೆಗಿದ್ದರೆ ಅದಕ್ಕೇ ಮೊದಲು. ಮಾಡಲೇಬೇಕೆಂದರೆ ತೆರೆದ ಅಂಗಳದಲ್ಲಿ ಮಾಡಿ, 1 ಕೆಜಿ ಸಾಕು, ಪಾತ್ರೆಯಲ್ಲಿ ನಾಲ್ಕೈದು ಲೀಟರ್ ಬಿಸಿ ನೀರು, ಎರಡು ಮೂರು ನಿಮಿಷ ಮಂಜು ಹರಿಯುತ್ತದೆ. ಮೈನಸ್ 78 ಡಿಗ್ರಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಲಿ.

ಒಳಗೆ ತೆಳು ಮಂಜು ಬಿಡುವ, ನೀರು ಆಧಾರಿತ ಹೇಜ್ ಯಂತ್ರ ಸಾಕು. ಜನ ಬರುವ 15 ನಿಮಿಷ ಮುಂಚೆ ಫ್ಯಾನ್ ಹಾಕಿ ಹತ್ತು ಸೆಕೆಂಡು ಬಿಡಿ, ಹರಡಿದ ಮೇಲೆ ಫ್ಯಾನ್ ಆರಿಸಿ. ಬೆಳಕಿನ ಕೋಲು ಕಾಣುವಷ್ಟಿದ್ದರೆ ಆಯಿತು. ಹೆಚ್ಚಾದರೆ ಆ ನುಣುಪು ನೆಲದ ಮೇಲೆ ಪಸೆ ಕೂತು ಜಾರುತ್ತದೆ. ಯಂತ್ರದ ಮುಂದೆ ಚಾಪೆ ಹಾಕಿ. ಸಾಂಬ್ರಾಣಿ ಜಗುಲಿಯಲ್ಲಿ ಒಂದು ಧೂಪಾರತಿಯಷ್ಟು ಮಾತ್ರ, ಒಳಗೆ ಬೇಡ. ಉಬ್ಬಸ ಇದ್ದವರಿಗೆ ಟಿಕೆಟ್ ಕೊಡುವಾಗಲೇ ತಿಳಿಸಿ.

ದೊಂದಿ, ರಾಳ ಒಳಗೆ ಖಂಡಿತ ಬೇಡ. ರಾಳದ ಪುಡಿ ಗಾಳಿಯಲ್ಲಿ ಹರಡಿದಾಗಲೇ ಭಗ್ಗನೆ ಹತ್ತುವುದು, ಪರದೆಯೂ ಅಷ್ಟೇ ಬೇಗ ಹತ್ತುತ್ತದೆ. ಬಯಲಾಟದ ಜ್ವಾಲೆ ಬಯಲಿನಲ್ಲೇ ಇರಲಿ. ಮೇಜಿಗೆ ಎಲ್‌ಇಡಿ ಮೇಣದಬತ್ತಿ, ಒಂದೇ ಥರ ಮಿಣುಕದ ಹಾಗೆ ಎರಡು ಮೂರು ಬಗೆ ಬೆರೆಸಿ. ನಿಜವಾದ ಜ್ವಾಲೆ ಒಂದೇ ಒಂದು, ಸೂತ್ರಧಾರನ ಕೈಯಲ್ಲಿ, ಗಾಜಿನ ಬುರುಡೆಯ ಲಾಟೀನು. 4 ಕೆಜಿಯ ಎಬಿಸಿ ಪೌಡರ್ ಅಗ್ನಿನಂದಕ ಎರಡು ಇರಲಿ, ಅದನ್ನು ಎಳೆದು ಒತ್ತಲು ಬರುವವರು ಎದುರೇ ನಿಂತಿರಲಿ.

ಪ್ರೇತಕ್ಕೆ ಪೆಪ್ಪರ್ ಭೂತ ಅನ್ನುವ ಉಪಾಯ ಇದೆ, 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ್ದು. ಪ್ರೇಕ್ಷಕರ ಎದುರು 45 ಡಿಗ್ರಿ ಓರೆಯಾಗಿ ಪಾರದರ್ಶಕ ಹಾಳೆ, ಪಕ್ಕದ ಕೋಣೆಯಲ್ಲಿ ಮರೆಯಾಗಿ ನಿಂತ ನಟಿ, ಅವಳ ಪ್ರತಿಬಿಂಬ ಹಾಳೆಯ ಆಚೆ ತೇಲಿದಂತೆ ಕಾಣುತ್ತದೆ. ನಿಮ್ಮ ಪಕ್ಕದ ಕೋಣೆಯ ಬಾಗಿಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಾಳೆ 4×6 ಅಡಿ ಇರಲಿ. 8 ಮಿಲಿಮೀಟರ್ ಗಾಜಾದರೆ 45 ಕೆಜಿ ತೂಗುತ್ತದೆ, ಬಿದ್ದರೆ ಅನಾಹುತ. 5 ಮಿಲಿಮೀಟರ್ ಅಕ್ರಿಲಿಕ್ ಸುಮಾರು 13 ಕೆಜಿ. 3 ಮಿಲಿಮೀಟರ್ ಅಗ್ಗ, ಆದರೆ ನಡುವೆ ಬಾಗಿ ಮುಖ ಸೊಟ್ಟ ಕಾಣುತ್ತದೆ. ಹಾಳೆ ಹತ್ತರಲ್ಲಿ ಒಂದು ಪಾಲಿನಷ್ಟು ಬೆಳಕನ್ನೂ ತಿರುಗಿಸುವುದಿಲ್ಲ. ಆದ್ದರಿಂದ ನಟಿಯ ಮೇಲೆ ಜೋರು ಬೆಳಕು, ಅವಳ ಹಿಂದೆಮುಂದೆ ಪೂರ್ತಿ ಕಪ್ಪು ಬಟ್ಟೆ, ಹಾಳೆಯ ಆಚೆ ಬದಿ ಅರೆಗತ್ತಲು. ಬಟ್ಟೆ ತಿಳಿ ಬಣ್ಣದ್ದಿರಲಿ, ಕಪ್ಪು ಸೀರೆ ಉಟ್ಟರೆ ಬರೀ ಮುಖ ತೇಲುತ್ತದೆ. ಕೆಡುವುದು ಮೂರು ಕಡೆ: ಬೆರಳಚ್ಚು, ಹಾಳೆಗೇ ಬಡಿಯುವ ದಾರಿತಪ್ಪಿದ ಬೆಳಕು, ಮತ್ತು ತೀರಾ ಬದಿಯಲ್ಲಿ ಕೂತವರು. ಬದಿಯವರಿಗೆ ಒಳಗಿನ ನಟಿಯೇ ಕಂಡುಬಿಡುತ್ತಾಳೆ. ಆ ಎರಡು ಮೂರು ಮೇಜು ತೆಗೆಯಿರಿ.

ಇದಕ್ಕಿಂತಲೂ ತೊಗಲುಗೊಂಬೆಯಾಟ ನಿಮಗೆ ಹೆಚ್ಚು ಒದಗುತ್ತದೆ ಅನ್ನಿಸುತ್ತದೆ. 1881ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಲ ಶಾ ನುವಾರ್, ಕ್ಯಾಬರೆ ಅನ್ನುವ ಕಲೆಗೆ ಹೆಸರು ತಂದ ಜಾಗ, ಅದರ ದೊಡ್ಡ ಆಕರ್ಷಣೆಯೇ ನೆರಳಾಟವಾಗಿತ್ತು. ಅಲ್ಲಿ ಕಪ್ಪು ನೆರಳು, ನಮ್ಮ ಗೊಂಬೆಗಳಲ್ಲಿ ಹದಮಾಡಿದ ತೊಗಲಿನ ಮೂಲಕ ಬಣ್ಣವೂ ಹಾಯುತ್ತದೆ. ಗೊಂಬೆ ಪರದೆಗೆ ಒತ್ತಿಕೊಂಡರೆ ಅಂಚು ಚೂಪು, ಅರ್ಧ ಅಡಿ ಹಿಂದೆ ಸರಿದರೆ ಮಸುಕಾಗಿ ಬೆಳೆಯುತ್ತದೆ. ಹಿಂದಿನ ದೀಪ ಒಂದೇ ಬಿಂದುವಿನಂತಿರಬೇಕು, ಟ್ಯೂಬ್‌ಲೈಟು, ಉದ್ದ ಎಲ್‌ಇಡಿ ಪಟ್ಟಿ ಇಟ್ಟರೆ ನೆರಳು ಎರಡು ಮೂರಾಗಿ ಒಡೆಯುತ್ತದೆ. ಪರದೆಗೆ 90 ಇಂಚು ಅಗಲದ ಹತ್ತಿ ಬಟ್ಟೆ ಚಿಕ್ಕಪೇಟೆಯಲ್ಲಿ ಸಿಗುತ್ತದೆ. ಎರಡು ಪಂಚೆ ಹೊಲಿದು ಸೇರಿಸಬೇಡಿ, ಹೊಲಿಗೆ ಕಪ್ಪು ಗೆರೆಯಾಗಿ ನಡುವೆ ನಿಲ್ಲುತ್ತದೆ. ಹಿಟ್ಟಿನ ಕೋಳಿ ಕೂಗುವ ಗಳಿಗೆಯನ್ನು ಹೀಗೆ ಮಾಡಿ: ಪರದೆಗೆ ಒತ್ತಿದ ಕೋಳಿ, ಕತ್ತಿ ಬೀಳುತ್ತಿದ್ದಂತೆ ದೀಪದ ಕಡೆ ಸರಸರನೆ ಸರಿದು ಇಡೀ ಪರದೆ ತುಂಬಲಿ, ಕೂಗು ಅಂಗಳದಿಂದ ಬರಲಿ. ಕಲಾವಿದರನ್ನೇ ಕರೆಸಿ, ಗೊಂಬೆ ಮಾತ್ರ ತಂದು ನಿಮ್ಮವರು ಆಡಿಸಿದರೆ ಕೈ ಬರುವುದಿಲ್ಲ.

ಜೆಸಿರೋಡ್ ಬರೆದದ್ದು:

ಪರವಾನಗಿ ವಿಷಯ. ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಅಂತ 2005ರದ್ದು ಇದೆ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ನಡೆಸುವ ಹೋಟೆಲುಗಳನ್ನು ಹಿಡಿತದಲ್ಲಿಡಲು ಬಂದದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಪೋಸ್ಟರ್ ಮೇಲೆ ‘ಕ್ಯಾಬರೆ’ ಅಂತ ದಪ್ಪಕ್ಷರದಲ್ಲಿದ್ದರೆ ಠಾಣೆಯಲ್ಲಿ ಮೊದಲು ನೆನಪಾಗುವುದು ಅದೇ. ‘ಕಾವ್ಯ–ಸಂಗೀತ–ನೆರಳಾಟದ ರಂಗಪ್ರಯೋಗ’ ಅಂತ ಹಾಕಿ, ನೀವು ಮಾಡುತ್ತಿರುವುದೂ ಅದೇ. ಒಂದು ತಿಂಗಳು ಮುಂಚೆ ಠಾಣೆಗೆ ಹೋಗಿ: ಮನೆ ಮಾಲೀಕರ ಒಪ್ಪಿಗೆ ಪತ್ರ, ಕಾರ್ಯಕ್ರಮದ ಪಟ್ಟಿ, ಸಮಯ, ಜನರ ಸಂಖ್ಯೆ, ಇಬ್ಬರು ಹೊಣೆಗಾರರ ಹೆಸರು–ಫೋನು. ಏನೇನು ಅನುಮತಿ ಬೇಕು ಅಂತ ಬರಹದಲ್ಲೇ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಭಾಂಗಣದಂಥ ಮುಚ್ಚಿದ ಜಾಗ ಬಿಟ್ಟು ಬೇರೆಲ್ಲೂ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಬಸವನಗುಡಿಯಲ್ಲಿ ಹೆಜ್ಜೆಗೊಂದು ಶಾಲೆ, ಅಳೆದು ನೋಡಿ. ಅಂಗಳದ ಆ ಒಂದು ಚಂಡೆ ಪೆಟ್ಟಿನ ಬಗ್ಗೆ ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಎರಡು ಪಾಸೂ ಕೊಡಿ.

ಧ್ವನಿಮುದ್ರಿತ ಸಂಗೀತ ಹಾಕಿದರೆ ಹಾಡು, ಧ್ವನಿಮುದ್ರಣಗಳ ಹಕ್ಕು ನೋಡಿಕೊಳ್ಳುವ ಸಂಸ್ಥೆಗಳಾದ ಪಿಪಿಎಲ್, ಐಪಿಆರ್‌ಎಸ್ ಪರವಾನಗಿ ಬೇಕಾಗುತ್ತದೆ. ಬಾಗಿಲಲ್ಲಿ ಹಿನ್ನೆಲೆಗೆ ಹಾಕಿದರೂ ಅಷ್ಟೇ. ನಿಮ್ಮವರೇ ಸ್ವಂತ ರಚನೆ ನುಡಿಸಿದರೆ ಆ ತಲೆನೋವಿಲ್ಲ. ನಾಟಕ, ಸಂಗೀತ ಪ್ರದರ್ಶನದ ಟಿಕೆಟ್ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿಯಲ್ಲಿದೆ. ಊಟ–ಪಾನೀಯ ಸೇರಿಸಿ ಒಂದೇ ಬೆಲೆ ಇಟ್ಟರೆ ಲೆಕ್ಕ ಬೇರೆಯಾಗಬಹುದು, ಆಡಿಟರ್ ಹತ್ತಿರ ಕೇಳಿಕೊಂಡು ಬೆಲೆ ಹಾಕಿ. ವೈನ್ ಕೊಡುವ ಆಸೆ ಇದ್ದರೆ ಅಬಕಾರಿ ಇಲಾಖೆಯ ಸಿಎಲ್–5 ತಾತ್ಕಾಲಿಕ ಲೈಸೆನ್ಸ್ ಇಲ್ಲದೆ ಒಂದು ಲೋಟವೂ ಕೊಡುವಂತಿಲ್ಲ. ಕಪ್ಪು ದ್ರಾಕ್ಷಿ ರಸ, ಶುಂಠಿ ಕಷಾಯದಲ್ಲೇ ಮುಗಿಸಿ. ಕತ್ತಲು, ಮೆಟ್ಟಿಲು, ಮದ್ಯ ಮೂರೂ ಒಟ್ಟಿಗೆ ಬೇಡ.

ಹೆಬ್ಬಾಗಿಲು ಬರೆದದ್ದು:

ಜನರನ್ನು ನಡೆಸುವುದರ ಬಗ್ಗೆ ಯಾರೂ ಹೇಳಲಿಲ್ಲ, ಸ್ವಲ್ಪ ಸೇರಿಸುತ್ತೇನೆ. ಮುಟ್ಟುವ ಅಭಿನಯ ಇದ್ದರೆ ಮೊದಲೇ ಒಪ್ಪಿಗೆ ಬೇಕು. ಜಗುಲಿಯಲ್ಲಿ ಎರಡು ಬಗೆಯ ದಾರ ಇಡಿ: ಬಿಳಿ ಕಟ್ಟಿಕೊಂಡವರ ಪಕ್ಕ ಕೂತು ಮಾತಾಡಿಸಬಹುದು, ಕಪ್ಪು ಕಟ್ಟಿಕೊಂಡವರ ಹತ್ತಿರ ಹೋಗಬಾರದು. ಕಪ್ಪು ದಾರ ಕತ್ತಲಲ್ಲಿ ಕಾಣುವುದಿಲ್ಲ ಅನ್ನಬೇಡಿ, ಬಿಳಿ ಕಾಣದಿದ್ದರೆ ಹತ್ತಿರ ಹೋಗುವಂತಿಲ್ಲ ಅಂತಲೇ ನಿಯಮ. ಕಪ್ಪು ದಾರವನ್ನು ದೃಷ್ಟಿಗೆ ಕಟ್ಟಿಕೊಂಡವರೂ ಇರುತ್ತಾರೆ, ಹಾಗಾಗಿ ನಟರು ನೋಡಬೇಕಾದ್ದು ಬಿಳಿಯನ್ನೇ. ಬಿಳಿ ಕಟ್ಟಿದವರನ್ನೂ ಮುಟ್ಟುವುದು ಬೇಡ, ಕೈ ಚಾಚಿ, ಅವರೇ ಹಿಡಿದರೆ ಹಿಡಿಯಲಿ.

ಹೊರಹೋಗುವ ಎರಡು ದಾರಿಯ ದೀಪವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಪರದೆಯ ಹಿಂದೆ ಹೋಗದ ಹಾಗೆ ನೋಡಿಕೊಳ್ಳಿ. ಹೊಸ್ತಿಲು ಹಳೇ ಮನೆಯಲ್ಲಿ ನಾಲ್ಕೈದು ಇಂಚು ಎತ್ತರ ಇರುತ್ತದೆ, ಎಡವುವುದು ಅಲ್ಲೇ. ಪ್ರತಿ ಹೊಸ್ತಿಲಿಗೂ ಹೊಳೆಯುವ ಪಟ್ಟಿ ಅಂಟಿಸಿ, ಗುಂಪು ದಾಟುವಾಗ ಅಲ್ಲೊಬ್ಬರು ಕೆಂಪು ಜಿಲೆಟಿನ್ ಸುತ್ತಿದ ಟಾರ್ಚನ್ನು ನೆಲಕ್ಕೆ ಹಿಡಿದು ನಿಲ್ಲಲಿ. ಮಂದ ಕೆಂಪು ಬೆಳಕಿಗೆ ಕತ್ತಲಿಗೊಗ್ಗಿದ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಪಟ್ಟಿಯನ್ನು ನೆಲದ ಪಾಲಿಶ್ ಮೇಲೆ ಅಂಟಿಸಬೇಡಿ, ಮರದ ಮೇಲಷ್ಟೇ. ಕೀಳುವಾಗ ರೆಡ್ ಆಕ್ಸೈಡ್ ಹೊಳಪೂ ಎದ್ದು ಬರುತ್ತದೆ, ಅದನ್ನು ಮತ್ತೆ ಅದೇ ಬಣ್ಣಕ್ಕೆ ತರುವ ಗಾರೆಯವರು ಈಗ ಸಿಗುವುದು ಕಷ್ಟ.

ತಡವಾಗಿ ಬರುವವರು: ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಿಡುವುದಿಲ್ಲ ಅಂತ ಈ ಊರಿನ ಪ್ರೇಕ್ಷಕರಿಗೆ ಗೊತ್ತು, ನೀವೂ ಹಾಗೇ ಟಿಕೆಟ್ ಮೇಲೆ ಮುದ್ರಿಸಿ. ಆದರೆ ನಿಮ್ಮದು ಎರಡು ಗುಂಪಿನ ವ್ಯವಸ್ಥೆ, ಒಂದು ಅನುಕೂಲ ಇದೆ. 6.45ಕ್ಕೆ ಬಾಗಿಲು ಮುಚ್ಚಿ, ತಡವಾದವರನ್ನು ಎರಡನೇ ಗುಂಪಿನ ಜೊತೆ ಅಂಗಳದಲ್ಲಿ ಕೂರಿಸಿ. ಗುಂಪು ಅದಲುಬದಲಾಗುವಾಗ ಅವರು ನಡುಮನೆಗೆ ಸೇರಿಕೊಳ್ಳುತ್ತಾರೆ. ಇದಕ್ಕೆ ಎರಡನೇ ಗುಂಪಿನಲ್ಲಿ ಐದು ಕುರ್ಚಿ ಮಾರದೆ ಖಾಲಿ ಇಟ್ಟುಕೊಳ್ಳಿ.